ಇಸಿಎಂ ಹೋಗಿದೆ ಅನ್ನುವ ಮೊದಲು ಇಷ್ಟು ನೋಡಿ

ಟಿಪ್ಪರ್ ಅಥವಾ ಎಕ್ಸ್‌ಕವೇಟರ್‌ನ ಕೀ ಆನ್ ಮಾಡಿದರೆ ಡ್ಯಾಶ್‌ನಲ್ಲಿ ಎಂಜಿನ್ ಲೈಟ್ ಬರುವುದಿಲ್ಲ. ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದರೆ ಆ ಕಡೆಯಿಂದ ಉತ್ತರವೇ ಇಲ್ಲ. ಇಷ್ಟಾದರೆ ಸಾಕು, ಸೈಟಿನಲ್ಲಿ ನಿಂತವರೆಲ್ಲ ಒಂದೇ ಮಾತು ಹೇಳುತ್ತಾರೆ: "ಇಸಿಎಂ ಹೋಯ್ತು". ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ, ಅದರೊಳಗೆ ಇರುವುದು ಒಂದು ಎಲೆಕ್ಟ್ರಾನಿಕ್ ಬೋರ್ಡ್.

ನನ್ನ ಟೇಬಲ್‌ಗೆ ಹಾಗೆ ಹೇಳಿಸಿಕೊಂಡು ಬಂದ ಬೋರ್ಡ್‌ಗಳಲ್ಲಿ ಜಾಸ್ತಿ ಪಾಲು ಚೆನ್ನಾಗಿಯೇ ಇದ್ದವು. ತೊಂದರೆ ಇದ್ದದ್ದು ಗಾಡಿಯಲ್ಲಿ, ಬಿಚ್ಚಿ ತಂದದ್ದು ಮಾತ್ರ ಬೋರ್ಡನ್ನು. 2020ರ ಏಪ್ರಿಲ್‌ನಲ್ಲಿ ಟಿಪ್ಪರ್‌ಗಳಿಗೆ ಬಿಎಸ್-6 ಎಂಬ ಹೊಗೆ ನಿಯಮ ಬಂತು, 2021ರ ಏಪ್ರಿಲ್‌ನಲ್ಲಿ ಚಕ್ರದ ನಿರ್ಮಾಣ ಯಂತ್ರಗಳಿಗೆ ಅಂಥದ್ದೇ ಸಿಇವಿ ಸ್ಟೇಜ್-4 ಬಂತು, ಜೊತೆಗೆ ಎಂಜಿನ್‌ನಲ್ಲಿ ಎಲೆಕ್ಟ್ರಾನಿಕ್ಸ್ ಹೆಚ್ಚಾಯಿತು. ಪಂಪು ಬಿಚ್ಚಿ ಕೆಲಸ ಕಲಿತ ನಮ್ಮಂಥವರ ಕೈಗೂ ಈಗ ಮಲ್ಟಿಮೀಟರ್ ಬಂದಿದೆ. ಅದನ್ನೇ ಮೊದಲು ತೆಗೆಯಿರಿ, ಸ್ಪ್ಯಾನರ್ ಆಮೇಲೆ.

ಬ್ಯಾಟರಿಯಿಂದ ಶುರು ಮಾಡಿ. 24 ವೋಲ್ಟಿನ ಗಾಡಿಯಲ್ಲಿ ಎರಡು ಬ್ಯಾಟರಿ ಸೀರೀಸ್‌ನಲ್ಲಿ ಇರುತ್ತವೆ, ಎರಡನ್ನೂ ಬೇರೆ ಬೇರೆ ಅಳೆಯಿರಿ. ಒಟ್ಟು 25 ತೋರಿಸುತ್ತಿದ್ದರೂ ಒಂದು ಕುಸಿದಿರಬಹುದು. ಸೆಲ್ಫ್ ಹೊಡೆಯುವಾಗಲೂ ಮೀಟರ್ ನೋಡಿ. 18 ವೋಲ್ಟಿಗಿಂತ ಕೆಳಗೆ ಬಿದ್ದರೆ ಮೊದಲು ಬ್ಯಾಟರಿ, ಕೇಬಲ್ ಸರಿ ಮಾಡಿ. ವೋಲ್ಟ್ ತೀರಾ ಕುಸಿದರೆ ಇಸಿಎಂ ನಡುವೆಯೇ ರೀಸೆಟ್ ಆಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಪಾಪ, ಅದರ ತಪ್ಪಲ್ಲ.

ಆಮೇಲೆ ಇಸಿಎಂ ಕಪ್ಲರ್, ಅಂದರೆ ವೈರ್‌ಗಳೆಲ್ಲ ಇಸಿಎಂಗೆ ಸೇರುವ ಪ್ಲಗ್. ಕೀ ಆಫ್ ಮಾಡಿ ಎರಡು ನಿಮಿಷ ಬಿಟ್ಟು ಬಿಚ್ಚಿ. ಕೀ ಆಫ್ ಆದ ಮೇಲೂ ಇಸಿಎಂ ಸ್ವಲ್ಪ ಹೊತ್ತು ಎದ್ದಿದ್ದು ತನ್ನ ಲೆಕ್ಕ ಬರೆದುಕೊಳ್ಳುತ್ತದೆ, ಅದೂ ಅಲ್ಲದೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಓಡಿಸುವ ಕೆಪಾಸಿಟರ್‌ನಲ್ಲಿ 50 ವೋಲ್ಟಿಗೂ ಮೇಲೆ ಕರೆಂಟ್ ಉಳಿದಿರಬಹುದು. ಬಿಚ್ಚಿದ ಮೇಲೆ ವೈರಿಂಗ್ ಡಯಾಗ್ರಾಂ ನೋಡಿ ಪವರ್ ಪಿನ್, ಅರ್ಥ್ ಪಿನ್, ಕೀ ಪಿನ್ ಗುರುತಿಸಿ. ಪವರ್ ಮತ್ತು ಅರ್ಥ್ ಒಂದೊಂದೇ ಇರುವುದಿಲ್ಲ, ಮೂರು ನಾಲ್ಕು ಇರುತ್ತವೆ, ಎಲ್ಲವನ್ನೂ ನೋಡಬೇಕು.

ಇಲ್ಲಿ ಮೀಟರ್ ಮೋಸ ಮಾಡುತ್ತದೆ. ವೈರಿನೊಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ ನಿಮಗೆ 24 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಎಳೆಯುವ ಕರೆಂಟ್ ಏನೂ ಇಲ್ಲ. ಅದಕ್ಕೇ ನಾನು 24 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ ಇಟ್ಟುಕೊಂಡಿದ್ದೇನೆ. ಪವರ್ ಪಿನ್‌ಗೂ ಅರ್ಥ್ ಪಿನ್‌ಗೂ ನಡುವೆ ಅದನ್ನು ಹಚ್ಚಿ. ಸುಮಾರು 0.9 ಆಂಪಿಯರ್ ಎಳೆಯುತ್ತದೆ. ಝಗ್ ಅಂತ ಉರಿದರೆ ಸರಿ, ಮಂಕಾಗಿ ಉರಿದರೆ ನಿಮ್ಮ ಕಳ್ಳ ಅಲ್ಲೇ ಇದ್ದಾನೆ. ಬಲ್ಬ್ ಉರಿಯುತ್ತಿರುವಾಗಲೇ ಅರ್ಥ್ ಪಿನ್‌ನಿಂದ ಬ್ಯಾಟರಿ ಮೈನಸ್‌ಗೆ ವೋಲ್ಟ್ ನೋಡಿ, 0.2ಕ್ಕಿಂತ ಜಾಸ್ತಿ ಇದ್ದರೆ ಅರ್ಥ್ ಸರಿಯಿಲ್ಲ. ಆದರೆ ಈ ಬಲ್ಬನ್ನು ಸೆನ್ಸರ್ ವೈರ್‌ಗೆ ಹಚ್ಚಬೇಡಿ, ಇಸಿಎಂ ಕನೆಕ್ಟ್ ಆಗಿರುವಾಗಲಂತೂ ಬೇಡವೇ ಬೇಡ. ಇಸಿಎಂ ಒಳಗಿನ ಡ್ರೈವರ್ ಸರ್ಕ್ಯೂಟ್ ಸುಡಬಹುದು, ಆಗ ನಿಜವಾಗಿಯೂ ಇಸಿಎಂ ಹೋಗುತ್ತದೆ. ಮೀಟರಿನ ದಪ್ಪ ಮೊನೆಯನ್ನು ಕಪ್ಲರ್ ಪಿನ್ ಒಳಗೆ ತುರುಕಬೇಡಿ, ಪಿನ್ ಅಗಲವಾಗಿ ಹಿಡಿತ ಹೋಗುತ್ತದೆ. ಅದೇ ಅಳತೆಯ ಒಂದು ಬಿಡಿ ಪಿನ್ ತಂದು ಪ್ರತಿ ತೂತಿಗೂ ಹಾಕಿ ಎಳೆದು ನೋಡಿ. ಸಡಿಲ ಇದ್ದದ್ದು ಕೈಗೇ ಗೊತ್ತಾಗುತ್ತದೆ.

ಪವರ್ ಸರಿ ಇದೆ, ಆದರೂ ಸ್ಕ್ಯಾನರ್ ಮಾತಾಡುತ್ತಿಲ್ಲ ಅಂದರೆ ಕ್ಯಾನ್ ಲೈನ್ ನೋಡಿ, ಅಂದರೆ ಗಾಡಿಯ ಕಂಪ್ಯೂಟರ್‌ಗಳು ಒಂದಕ್ಕೊಂದು ಮಾತಾಡುವ ಎರಡು ವೈರ್. ಬ್ಯಾಟರಿ ಬಿಚ್ಚಿ, 9 ಪಿನ್ನಿನ ಗುಂಡು ಡಯಾಗ್ನೋಸ್ಟಿಕ್ ಕಪ್ಲರ್ ಇದ್ದರೆ ಅದರ ಸಿ ಮತ್ತು ಡಿ ಪಿನ್ ನಡುವೆ ಓಮ್ ಅಳೆಯಿರಿ. 60 ಬರಬೇಕು. ಈ ಲೈನಿನ (ಭಾರಿ ಗಾಡಿಗಳಲ್ಲಿ ಇದಕ್ಕೆ ಜೆ1939 ಅನ್ನುತ್ತಾರೆ) ಎರಡೂ ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ, ಎರಡೂ ಸೇರಿ 60. 120 ಬಂದರೆ ಒಂದು ತುದಿ ಕಡಿದಿದೆ, 40 ಬಂದರೆ ಯಾರೋ ಮೂರನೆಯದೊಂದು ಸೇರಿಸಿದ್ದಾರೆ, ಸೊನ್ನೆ ಹತ್ತಿರ ಬಂದರೆ ಎರಡೂ ವೈರ್ ಒಂದಕ್ಕೊಂದು ತಾಗಿವೆ. ಸ್ಕ್ಯಾನರ್ ಮಾತಾಡದ ಎಷ್ಟೋ ಗಾಡಿಗಳಲ್ಲಿ ಕೆಟ್ಟದ್ದು ಇಸಿಎಂ ಅಲ್ಲ, ಅದೇ ಲೈನಿನಲ್ಲಿರುವ ಡಿಸ್‌ಪ್ಲೇ ಅಥವಾ ಜಿಪಿಎಸ್ ಡಬ್ಬಿ. ಅವನ್ನು ಒಂದೊಂದಾಗಿ ಬಿಚ್ಚಿ, ಪ್ರತಿ ಸಲವೂ ಸ್ಕ್ಯಾನರ್ ಹಾಕಿ ನೋಡಿ.

ಸ್ಕ್ಯಾನರ್ ಮಾತಾಡಿತು, ಕೋಡ್ ಬಂದವು ಅಂದುಕೊಳ್ಳಿ. ಎಸ್‌ಪಿಎನ್ ಯಾವ ಭಾಗ ಅಂತ ಹೇಳುತ್ತದೆ, ಎಫ್‌ಎಂಐ ಏನಾಗಿದೆ ಅಂತ ಹೇಳುತ್ತದೆ. ಎಸ್‌ಪಿಎನ್ 100 ಆಯಿಲ್ ಪ್ರೆಶರ್, 110 ಕೂಲೆಂಟ್ ಬಿಸಿ, 157 ರೈಲ್ ಪ್ರೆಶರ್ (ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್ ಒತ್ತಡ). ಎಫ್‌ಎಂಐ 3 ಅಂದರೆ ವೋಲ್ಟ್ ಜಾಸ್ತಿ, 4 ಅಂದರೆ ಕಡಿಮೆ, 5 ಅಂದರೆ ವೈರ್ ಕಡಿದ ಥರ. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ನಾಲ್ಕು ಸೆನ್ಸರ್ ಒಂದೇ ಸಲ ಎಫ್‌ಎಂಐ 4 ಅಂದರೆ ಅಷ್ಟೂ ಸೆನ್ಸರ್ ಒಟ್ಟಿಗೆ ಕೆಡಲು ಸಾಧ್ಯವಾ? ಅವಕ್ಕೆಲ್ಲ ಹಂಚಿಹೋಗುವ 5 ವೋಲ್ಟಿನ ಲೈನು ಎಲ್ಲೋ ಅರ್ಥ್ ಆಗಿದೆ.

ಇದರಲ್ಲೇ ನಾನೊಮ್ಮೆ ಅರ್ಧ ದಿನ ಕಳೆದೆ. ಸಂಡೂರು ಕಡೆಯ ಒಂದು ಕ್ವಾರಿಯ ಎಕ್ಸ್‌ಕವೇಟರ್. ಮಾಲೀಕರು ಆಗಲೇ ಎರಡು ಸೆಕೆಂಡ್‌ಹ್ಯಾಂಡ್ ಇಸಿಎಂ ಹಾಕಿಸಿ ನೋಡಿದ್ದರು. 5 ವೋಲ್ಟ್ ಇರಬೇಕಾದ ಕಡೆ 0.4 ಇತ್ತು. ಸೆನ್ಸರ್ ಒಂದೊಂದೇ ಬಿಚ್ಚುತ್ತಾ ಹೋದೆ, ಯಾವುದೋ ಒಂದನ್ನು ಬಿಚ್ಚಿದಾಗ 5ಕ್ಕೆ ಜಿಗಿಯಬೇಕು. ಎಲ್ಲವನ್ನೂ ಬಿಚ್ಚಿದರೂ ಜಿಗಿಯಲಿಲ್ಲ. ಇಸಿಎಂ ಹೋಗಿದೆ ಅಂತ ತೀರ್ಪು ಕೊಡುವುದು ಸಾಮಾನ್ಯವಾಗಿ ಇಲ್ಲೇ. ಸುಮ್ನೆ ಒಂದು ಕೆಲಸ ಮಾಡಿದೆ. ಇಸಿಎಂ ಕಪ್ಲರ್ ತೆಗೆದು, 5 ವೋಲ್ಟಿನ ವೈರ್‌ಗೂ ಎಂಜಿನ್ ಬಾಡಿಗೂ ಮೀಟರನ್ನು ಬೀಪ್‌ಗೆ ಹಾಕಿ ಇಟ್ಟೆ. ಬೀಪ್ ಬರುತ್ತಲೇ ಇತ್ತು. ಹುಡುಗನಿಗೆ ಹಾರ್ನೆಸ್ಸನ್ನು (ವೈರಿನ ಕಟ್ಟನ್ನು) ಗೇಣು ಗೇಣಾಗಿ ಹಿಡಿದು ಅಲ್ಲಾಡಿಸುತ್ತಾ ಹೋಗು ಅಂದೆ. ಎಂಜಿನ್ ಹಿಂದಿನ ಒಂದು ಕ್ಲಾಂಪ್ ಹತ್ತಿರ ಅವನು ಎಳೆದಾಗ ಬೀಪ್ ನಿಂತಿತು, ಬಿಟ್ಟಾಗ ಮತ್ತೆ ಬಂತು. ಮೇಲಿನ ಪೈಪು ನೋಡಲು ಚೆನ್ನಾಗಿಯೇ ಇತ್ತು. ಸೀಳಿ ನೋಡಿದರೆ ಒಳಗಡೆ ವೈರಿನ ಸಿಪ್ಪೆ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಸವೆದು, ತಾಮ್ರ ಕ್ಲಾಂಪಿನ ಅಂಚಿಗೆ ತಾಗುತ್ತಿತ್ತು. ಹಳೆಯ ಇಸಿಎಂ ವಾಪಸ್ ಹಾಕಿದೆವು, ಎಂಜಿನ್ ಎದ್ದಿತು.

ಇಷ್ಟೆಲ್ಲ ಸರಿ ಇದ್ದೂ ಇಸಿಎಂ ಏಳದಿದ್ದರೆ ಮಾತ್ರ ಟೇಬಲ್‌ಗೆ ತನ್ನಿ. ತರುವ ಮೊದಲು ಅದನ್ನು ಕೊಂದದ್ದು ಯಾವುದು ಅಂತ ಕೇಳಿ. ಗಾಡಿ ಮೇಲೆ ವೆಲ್ಡಿಂಗ್ ಮಾಡಿದಿರಾ? ಜಂಪ್ ಕೊಡುವಾಗ ಪ್ಲಸ್ ಮೈನಸ್ ಅದಲು ಬದಲಾಯಿತಾ? ಎಂಜಿನ್ ಓಡುವಾಗ ಬ್ಯಾಟರಿ ಬಿಚ್ಚಿದರಾ? ಪ್ರೆಶರ್ ವಾಷಿಂದ ತೊಳೆದಿರಾ? ಆಪರೇಟರ್ ಮೊದಲು "ಏನೂ ಮಾಡಿಲ್ಲ ಸಾರ್" ಅಂತಲೇ ಹೇಳುತ್ತಾನೆ. ಚಹಾ ಕುಡಿಸಿ ಇನ್ನೊಮ್ಮೆ ಕೇಳಿ. ಇಂಜೆಕ್ಟರ್ ಕಾಯಿಲ್‌ಗಳನ್ನೂ ಅಳೆಯಿರಿ, ಸೊಲೆನಾಯ್ಡ್ (ಕಾಯಿಲಿನಿಂದ ತೆರೆಯುವ) ಥರದ್ದಾದರೆ ಓಮ್ ತುಂಬಾ ಕಡಿಮೆ ಇರುತ್ತದೆ. ನಂಬರ್‌ಗಿಂತ ಎಲ್ಲವೂ ಒಂದೇ ಥರ ಇರುವುದು ಮುಖ್ಯ, ಯಾವುದೂ ಎಂಜಿನ್ ಬಾಡಿಗೆ ತಾಗಿರಬಾರದು. ಶಾರ್ಟ್ ಆದ ಇಂಜೆಕ್ಟರ್ ಬಿಟ್ಟು ಹೊಸ ಬೋರ್ಡ್ ಹಾಕಿದರೆ ಅದೂ ಸುಡಬಹುದು.

ಟೇಬಲ್ ಮೇಲೆ ಮೊದಲ ಕೆಲಸ, ಕರೆಂಟ್ ಲಿಮಿಟ್ ಇರುವ ಪವರ್ ಸಪ್ಲೈಯನ್ನು 24 ವೋಲ್ಟ್, 1 ಆಂಪಿಯರ್‌ಗೆ ಇಟ್ಟು ಕೊಡುವುದು. ವೋಲ್ಟ್ ತಕ್ಷಣ ಕುಸಿದು ಲಿಮಿಟ್ ಲೈಟ್ ಬಂದರೆ ಒಳಗೆ ಶಾರ್ಟ್ ಇದೆ. ಮುಚ್ಚಳವನ್ನು ಸಿಲಿಕೋನಿನಿಂದ ಅಂಟಿಸಿರುತ್ತಾರೆ, ಸ್ವಲ್ಪ ಬಿಸಿ ಮಾಡಿ ತೆಳು ಬ್ಲೇಡಿನಿಂದ ಅಂಚಿನಲ್ಲಷ್ಟೇ ಕೊಯ್ಯಿರಿ. ತೆರೆದಾಗ ಒಳಗೆ ಬಿಳಿ ಸೆರಾಮಿಕ್ ಹಲಗೆ, ಅದರ ಮೇಲೆ ಜೆಲ್, ಕೂದಲಿನಂಥ ತಂತಿಗಳು ಕಂಡರೆ ವಾಪಸ್ ಮುಚ್ಚಿ. ಅದು ನಮ್ಮ ಸೋಲ್ಡರಿಂಗ್ ಐರನ್‌ಗೆ ಬಗ್ಗುವ ಕೆಲಸವಲ್ಲ.

ಸಾಮಾನ್ಯ ಹಸಿರು ಬೋರ್ಡ್ ಆದರೆ ಆಸೆ ಇದೆ. ಪವರ್ ಒಳಗೆ ಬರುವ ಜಾಗದಲ್ಲೇ ಒಂದು ಟಿವಿಎಸ್ ಡಯೋಡ್ ಇರುತ್ತದೆ. ಜಂಪ್ ಉಲ್ಟಾ ಆದಾಗ, ವೋಲ್ಟ್ ಹಾರಿದಾಗ ತಾನು ಸತ್ತು ಉಳಿದದ್ದನ್ನು ಉಳಿಸುವುದೇ ಅದರ ಕೆಲಸ. ಶಾರ್ಟ್ ಆಗಿದ್ದರೆ ತೆಗೆದು ಅದೇ ರೇಟಿಂಗಿನದು ಹಾಕಿ. ತೆಗೆದರೂ ಬೋರ್ಡ್ ಓಡುತ್ತದೆ ಅಂತ ಹಾಗೇ ಕಳಿಸುವವರಿದ್ದಾರೆ, ಅದು ಗಿರಾಕಿಗೆ ಮಾಡುವ ದ್ರೋಹ. ಶಾರ್ಟ್ ಬೇರೆಡೆ ಇದ್ದರೆ ಸಪ್ಲೈಯನ್ನು 1 ವೋಲ್ಟಿಗೆ ಇಳಿಸಿ, ಬೋರ್ಡ್ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ. ಮೊದಲು ಒಣಗುವ ಜಾಗ ಬಿಸಿಯಾಗುತ್ತಿದೆ, ಅಲ್ಲಿ ಹುಡುಕಿ. ಊದಿದ ಕೆಪಾಸಿಟರ್, ಕಪ್ಲರ್ ಪಿನ್ ಬುಡದಲ್ಲಿ ಬಿರುಕು ಬಿಟ್ಟ ಬೆಸುಗೆ, ನೀರು ಹೋಗಿ ಕಟ್ಟಿದ ಹಸಿರು ಕಿಲುಬು, ಇವೆಲ್ಲ ಭೂತಗನ್ನಡಿಯಲ್ಲೇ ಕಾಣುತ್ತವೆ. ಅರ್ಥ್ ದಾರಿಯ ತಾಮ್ರ ಸುಟ್ಟಿದ್ದರೆ ಗಾಡಿಯ ಎಂಜಿನ್ ಅರ್ಥ್ ಪಟ್ಟಿ ನೋಡಿ. ಅದು ಸಡಿಲವಾದರೆ ಸೆಲ್ಫ್‌ನ ಕರೆಂಟ್ ಇಸಿಎಂ ಮೂಲಕ ದಾರಿ ಹುಡುಕುತ್ತದೆ.

ಬೇರೆ ಇಸಿಎಂ ಹಾಕುವುದೇ ಆದರೆ ಆಕಾರ ನೋಡಿ ಕೊಳ್ಳಬೇಡಿ. ಪಾರ್ಟ್ ನಂಬರ್, ಎಂಜಿನ್ನಿನ ಸೀರಿಯಲ್, ಎಚ್‌ಪಿ ರೇಟಿಂಗ್ ಹೊಂದಬೇಕು. ಹಳೆಯದು ಇನ್ನೂ ಮಾತಾಡುತ್ತಿದ್ದರೆ ಮೊದಲು ಅದರ ಡೇಟಾ ಪೂರ್ತಿ ಇಳಿಸಿಕೊಳ್ಳಿ. ಇಂಜೆಕ್ಟರ್ ತಲೆಯ ಮೇಲೆ ಬರೆದಿರುವ ಕೋಡ್‌ಗಳನ್ನು ಸಿಲಿಂಡರ್ ಪ್ರಕಾರ ಹೊಸದಕ್ಕೆ ಹಾಕದಿದ್ದರೆ ಹೊಗೆ, ನಡುಕ ಬರಬಹುದು.

ಹಾಕಿದ ಮೇಲೆ ಕೋಡ್ ಅಳಿಸಿ, ಗಾಡಿಗೆ ಒಂದು ತಾಸು ಲೋಡ್ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಬಿರುಕು ಬಿಟ್ಟ ಬೆಸುಗೆ ಕೈಕೊಡುವುದು ಬಿಸಿಯಲ್ಲೇ. ಮತ್ತೆ ಹಾರ್ನೆಸ್ ಕ್ಲಾಂಪ್ ಬಿಗಿಯುವಾಗ ಅದರೊಳಗೆ ಹಳೆ ಸೈಕಲ್ ಟ್ಯೂಬಿನ ಒಂದು ತುಂಡು ಸುತ್ತಿಬಿಡಿ, ಆ ಎಕ್ಸ್‌ಕವೇಟರ್‌ಗೆ ನಾನು ಹಾಕಿದ್ದೂ ಅದನ್ನೇ.