ಸ್ನಾಯುವಿನಲ್ಲಿ ಪ್ರೋಟೀನ್ ಉಳಿಯಬೇಕಂದ್ರೆ ಏನು ಮಾಡಬೇಕು, ಏನು ತಿನ್ನಬೇಕು

ನಿಮ್ಮ ತೊಡೆಯ ಸ್ನಾಯುವಿನಲ್ಲಿರುವ ಪ್ರೋಟೀನ್ ಒಂದು ಸಲ ಸೇರಿದ ಮೇಲೆ ಹಾಗೇ ಇರುವುದಿಲ್ಲ. ದಿನಕ್ಕೆ ಸುಮಾರು ಶೇ. 1ರಿಂದ 2ರಷ್ಟು ಒಡೆದುಹೋಗುತ್ತದೆ, ಹೆಚ್ಚುಕಮ್ಮಿ ಅಷ್ಟೇ ಹೊಸದಾಗಿ ಕೂಡಿಕೊಳ್ಳುತ್ತದೆ. ಊಟ ಆದ ಮೇಲೆ ಕೂಡುವುದು ಜಾಸ್ತಿ, ಹೊಟ್ಟೆ ಖಾಲಿ ಇದ್ದಾಗ ಒಡೆಯುವುದು ಜಾಸ್ತಿ. ಸ್ನಾಯು ಬೆಳೆಸುವುದು ಅಂದ್ರೆ ತಿಂಗಳುಗಟ್ಟಲೆ ಕೂಡುವ ಕಡೆ ಸ್ವಲ್ಪ ಹೆಚ್ಚಿರುವ ಹಾಗೆ ನೋಡಿಕೊಳ್ಳುವುದು, ಅಷ್ಟೇ.

ಮೊದಲು ನಿಮಗೆ ಏನು ಬೇಕು ಅಂತ ತೀರ್ಮಾನ ಮಾಡಿ. ತೂಕ ಎತ್ತಿದರೆ ಮುಖ್ಯವಾಗಿ ಆಕ್ಟಿನ್, ಮಯೋಸಿನ್‌ನಂಥ ಪ್ರೋಟೀನ್‌ಗಳು ಹೆಚ್ಚುತ್ತವೆ. ಸ್ನಾಯು ಬಿಗಿಯಾಗಿ ಎಳೆಯುವುದು ಇವುಗಳಿಂದಲೇ, ಹಾಗಾಗಿ ಗಾತ್ರ ಮತ್ತು ಬಲ ಬೇಕಾದವರಿಗೆ ಇದು ದಾರಿ. ಓಟ, ಸೈಕಲ್, ಈಜು ಮಾಡಿದರೆ ಮೈಟೋಕಾಂಡ್ರಿಯಾದ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗದ) ಪ್ರೋಟೀನ್‌ಗಳು ಹೆಚ್ಚುತ್ತವೆ, ದಣಿವು ತಡವಾಗಿ ಬರುತ್ತದೆ. ರಕ್ತದಲ್ಲಿರುವ ಸಕ್ಕರೆಯನ್ನು ಸ್ನಾಯುವಿನೊಳಗೆ ಎಳೆದುಕೊಳ್ಳುವ ಗ್ಲೂಟ್-4 ಅನ್ನುವ ಪ್ರೋಟೀನ್ ಎರಡರಿಂದಲೂ ಏರುತ್ತದೆ, ಇದಂತೂ ಎಲ್ಲರಿಗೂ ಲಾಭ. ಹೊಸಬರು ತೂಕ ಎತ್ತಲು ಶುರು ಮಾಡಿದಾಗ ಎರಡೂ ಬಗೆಯ ಪ್ರೋಟೀನ್ ತಯಾರಿ ಏರುತ್ತದೆ, ಅಭ್ಯಾಸ ಆದ ಹಾಗೆ ಸ್ನಾಯು ತನಗೆ ಕೊಟ್ಟ ಕೆಲಸಕ್ಕೆ ಬೇಕಾದ್ದನ್ನೇ ಹೆಚ್ಚಾಗಿ ಮಾಡಿಕೊಳ್ಳುತ್ತದೆ.

ತೂಕ ಎಷ್ಟಿರಬೇಕು ಅನ್ನುವುದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಗಾತ್ರದ ಮಟ್ಟಿಗೆ ಭಾರವಾದ ತೂಕ ಕೆಲವೇ ಸಲ ಎತ್ತಿದರೂ, ಹಗುರದ್ದನ್ನು ತುಂಬಾ ಸಲ ಎತ್ತಿದರೂ ಫಲ ಹತ್ತಿರ ಹತ್ತಿರ ಒಂದೇ, ಆದರೆ ಸೆಟ್‌ನ, ಅಂದ್ರೆ ನಿಲ್ಲಿಸದೆ ಒಂದೇ ಸಮ ಎತ್ತುವ ಒಂದು ಸುತ್ತಿನ, ಕೊನೆಗೆ ಸ್ನಾಯು ನಿಜವಾಗಿ ಸುಸ್ತಾಗಿರಬೇಕು. ಹೇಗೆ ಗೊತ್ತಾಗುತ್ತದೆ ಅಂದ್ರೆ, ನೀವು ಪೂರ್ತಿ ಜೋರು ಹಾಕುತ್ತಿದ್ದರೂ ತೂಕ ತನ್ನಷ್ಟಕ್ಕೆ ನಿಧಾನ ಆಗುತ್ತದೆ, ಇನ್ನೆರಡು ಸಲ ಎತ್ತಬಹುದು, ಮೂರನೆಯದು ಆಗಲ್ಲ ಅನಿಸುತ್ತದೆ. ಅಲ್ಲಿ ನಿಲ್ಲಿಸಿ. ಒಂದು ಸಲ ಹೀಗೆ ಮಾಡಿದ ಮೇಲೆ ಪ್ರೋಟೀನ್ ತಯಾರಿ 24ರಿಂದ 48 ಗಂಟೆ ಏರಿಯೇ ಇರುತ್ತದೆ, ಆಮೇಲೆ ಇಳಿಯುತ್ತದೆ. ಹಾಗಾಗಿ ವಾರಕ್ಕೊಂದೇ ದಿನ ಕಾಲನ್ನು ಚಚ್ಚಿ ಹಾಕುವುದಕ್ಕಿಂತ ಅದೇ ಕೆಲಸವನ್ನು ಎರಡು ದಿನಕ್ಕೆ ಹಂಚುವುದು ವಾಸಿ. ಮೈ ಕೈ ನೋವು ಬಂದರೆ ಬೆಳವಣಿಗೆ ಆಯ್ತು ಅಂತ ಖುಷಿಪಡುವವರು ಇದ್ದಾರೆ ಅಲ್ವಾ, ಅದು ಅಳತೆಗೋಲೇ ಅಲ್ಲ. ಮೊದಲ ವಾರಗಳಲ್ಲಿ ತಯಾರಾಗುವ ಪ್ರೋಟೀನಿನ ದೊಡ್ಡ ಪಾಲು ಬರೀ ರಿಪೇರಿಗೆ ಹೋಗುತ್ತದೆ.

ಇನ್ನು ಊಟ. ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿ ಏನೂ ತಿನ್ನದೆ ಕೂತರೆ ತಯಾರಿಯೂ ಏರುತ್ತದೆ, ಒಡೆತವೂ ಏರುತ್ತದೆ, ಒಟ್ಟು ಲೆಕ್ಕ ಇನ್ನೂ ನಷ್ಟದಲ್ಲೇ. ಲಾಭಕ್ಕೆ ಬರುವುದು ತಿಂದ ಪ್ರೋಟೀನ್ ಜೀರ್ಣವಾಗಿ ಅದರ ಬಿಡಿ ತುಣುಕುಗಳಾದ ಅಮೈನೋ ಆಮ್ಲಗಳು ಸಿಕ್ಕಾಗ ಮಾತ್ರ. ಹಾಗಂತ ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಶೇಕ್ ಕುಡಿಯದಿದ್ದರೆ ಎಲ್ಲ ವ್ಯರ್ಥ ಅನ್ನುವ ಗಾಬರಿ ಬೇಡ, ಇಡೀ ದಿನದ ಒಟ್ಟು ಮುಖ್ಯ.

ಲೆಕ್ಕ ಹೀಗೆ ಹಾಕಿ. ತೂಕ ಎತ್ತುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು, ಅದಕ್ಕಿಂತ ಜಾಸ್ತಿ ತಿಂದರೆ ಹೆಚ್ಚಿನವರಿಗೆ ಹೇಳಿಕೊಳ್ಳುವಂಥ ಲಾಭ ಕಾಣುವುದಿಲ್ಲ. 60 ಕಿಲೋ ಇರುವವರಿಗೆ 96 ಗ್ರಾಂ ಆಯ್ತು. ನಾಲ್ಕು ಹೊತ್ತಿಗೆ ಹಂಚಿದರೆ ಹೊತ್ತಿಗೆ 24. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ ಇರುತ್ತದೆ ಅಂತ ಇಟ್ಟುಕೊಂಡರೆ ಮೂರು ಮೊಟ್ಟೆ, ಒಂದು ಲೋಟ ಹಾಲಿಗೆ 26 ಬರುತ್ತದೆ, ಒಂದು ಹೊತ್ತು ಮುಗೀತು. ಹಂಚಿ ತಿನ್ನಿ ಅನ್ನುವುದಕ್ಕೆ ಕಾರಣ ಇದೆ: ತುಂಬಿದ ಕೊಡಕ್ಕೆ ನೀರು ಸುರಿದ ಹಾಗೆ, ಕೂತಲ್ಲೇ ಇದ್ದು ತಿಂದ ಪ್ರೋಟೀನಿಗೆ ಸ್ನಾಯು ಎರಡು ಮೂರು ಗಂಟೆ ಸ್ಪಂದಿಸಿ, ರಕ್ತದಲ್ಲಿ ಅಮೈನೋ ಆಮ್ಲ ಇನ್ನೂ ಇದ್ದರೂ ಸುಮ್ಮನಾಗಿಬಿಡುತ್ತದೆ. ವ್ಯಾಯಾಮ ಮಾಡಿದ್ದರೆ ಈ ಅವಧಿ ಉದ್ದವಾಗುತ್ತದೆ.

ತಯಾರಿಗೆ ಚಾಲನೆ ಕೊಡುವುದು ಮುಖ್ಯವಾಗಿ ಲ್ಯೂಸಿನ್ ಅನ್ನುವ ಅಮೈನೋ ಆಮ್ಲ. ಹಾಲು, ಮೊಟ್ಟೆ, ಮಾಂಸದಲ್ಲಿ ಅದು ಧಾರಾಳ. ಬೇಳೆಕಾಳು, ಧಾನ್ಯ ಮಾತ್ರ ತಿನ್ನುವವರು ಪ್ರಮಾಣ ಸ್ವಲ್ಪ ಹೆಚ್ಚಿಸಿ, ಎರಡನ್ನೂ ಬೆರೆಸಿ ತಿಂದರೆ ಕೊರತೆ ತುಂಬುತ್ತದೆ. ಪ್ರೋಟೀನ್ ಪೌಡರ್ ಕೂಡ ಆಹಾರವೇ, ಊಟದಲ್ಲೇ ಸಿಗುವುದಾದರೆ ಸುಮ್ನೆ ಯಾಕೆ ಖರ್ಚು? ಅನ್ನ ರೊಟ್ಟಿ ಬಿಡುವುದೂ ಬೇಡ, ವ್ಯಾಯಾಮಕ್ಕೆ ಇಂಧನ ಅದೇ. ತೂಕ ಇಳಿಸಲು ಕಡಿಮೆ ತಿನ್ನುತ್ತಿದ್ದರೆ ಪ್ರೋಟೀನ್ ತಯಾರಿಯೂ ಇಳಿಯುತ್ತದೆ, ಆಗ ಪ್ರೋಟೀನ್ ಮತ್ತು ತೂಕ ಎತ್ತುವುದು ಎರಡನ್ನೂ ಬಿಡಲೇಬಾರದು. ವ್ಯಾಯಾಮದ ನಂತರ ಜಾಸ್ತಿ ಮದ್ಯ ಕುಡಿದರೆ ಜೊತೆಗೆ ಪ್ರೋಟೀನ್ ತಿಂದಿದ್ದರೂ ತಯಾರಿ ಕುಗ್ಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರು ಮೇಲಿನ ಲೆಕ್ಕ ಬಿಟ್ಟು ವೈದ್ಯರ ಮಾತು ಕೇಳಿ.

ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಓದಿ ಹೇಳಿ. ಅವರ ಸ್ನಾಯು ಅಷ್ಟು ಸುಲಭವಾಗಿ ಸ್ಪಂದಿಸುವುದಿಲ್ಲ, ಹೊತ್ತಿಗೆ ಕಿಲೋಗೆ 0.4 ಗ್ರಾಂ ಆದರೂ ಬೇಕು. ಎರಡು ವಾರ ನಡಿಗೆ ಕಮ್ಮಿಯಾದರೂ ತಿಂದ ಪ್ರೋಟೀನ್ ಅವರ ಸ್ನಾಯುವಿಗೆ ಮೊದಲಿನಷ್ಟು ಹತ್ತುವುದಿಲ್ಲ. ಜಿಮ್‌ಗೆ ಹೋಗಬೇಕಿಲ್ಲ. ಪ್ರತಿ ಊಟಕ್ಕೆ ಮುಂಚೆ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, ಕೈ ಊರದೆ ಎದ್ದು ನಿಧಾನವಾಗಿ ಕೂರಲಿ, ತೊಡೆ ಸುಸ್ತಾಗುವವರೆಗೆ. ಆಮೇಲೆ ತಟ್ಟೆಯಲ್ಲಿ ಮೊದಲು ಪ್ರೋಟೀನ್ ಇರುವುದನ್ನು ಬಡಿಸಿ, ಹೊಟ್ಟೆ ತುಂಬಿತು ಅಂತ ಅದನ್ನೇ ಬಿಟ್ಟು ಏಳುವವರೇ ಜಾಸ್ತಿ.