ನೀರುಗಂಟಿಯ ಮೊಮ್ಮಗ ಎಂದು ಬರೆಯುವವರೆಗೆ

2005ರಿಂದ 2020ರವರೆಗೆ ನಾನು ಹನ್ನೊಂದು ನೋಟ್‌ಬುಕ್ ತುಂಬಿಸಿದ್ದೆ. ಬೆಂಗಳೂರಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ಬರೆಯುವುದು ನನ್ನ ಉದ್ಯೋಗ. ರಾತ್ರಿ ಊಟವಾದ ಮೇಲೆ ಒಂದು ಗಂಟೆ ನನಗಾಗಿ ಬರೆಯುವುದು ರೂಢಿ. ಸಿನಿಮಾ, ಚುನಾವಣೆ, ಓದಿದ ಕಾದಂಬರಿ, ಪ್ರವಾಸ, ಮಕ್ಕಳ ಶಾಲೆ, ನಡುನಡುವೆ ಕವಿತೆ, ಹೀಗೆ ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯುತ್ತಿದ್ದೆ. ಪತ್ರಿಕೆಗಳಿಗೆ ಕಳಿಸಿದವುಗಳಲ್ಲಿ ಕೆಲವು ಅಚ್ಚಾದವು, ಹೆಚ್ಚಿನವು ಹಿಂದಿರುಗಿದವು. ಹಿರಿಯ ಸಂಪಾದಕರೊಬ್ಬರು ಒಮ್ಮೆ ಫೋನ್ ಮಾಡಿ, “ಭಾಷೆ ಚೆನ್ನಾಗಿದೆ, ಆದರೆ ಬರೆದವರು ಯಾರೆಂದು ಗೊತ್ತಾಗುವುದಿಲ್ಲ” ಎಂದರು. ಅದನ್ನು ಶೈಲಿಯ ಕುರಿತಾದ ಮಾತೆಂದು ತಿಳಿದು ನಾನು ಮುಂದಿನ ಕೆಲವು ವರ್ಷ ವಾಕ್ಯಗಳನ್ನು ತಿದ್ದುತ್ತ ಕಳೆದೆ.

2020ರ ಲಾಕ್‌ಡೌನ್‌ನಲ್ಲಿ ಹೊಸದಾಗಿ ಬರೆಯುವುದನ್ನು ನಿಲ್ಲಿಸಿ, ಹಳೆಯ ನೋಟ್‌ಬುಕ್‌ಗಳನ್ನು ಮೊದಲಿಂದ ಓದಲು ಕುಳಿತೆ. ಲೆಕ್ಕ ತಾಳೆ ನೋಡುವಾಗ ಮಾಡುವಂತೆಯೇ ಕೈಯಲ್ಲಿ ಪೆನ್ಸಿಲ್ ಹಿಡಿದಿದ್ದೆ. ಎಲ್ಲೋ ಓದಿ, ಯಾರಿಂದಲೋ ಕೇಳಿ ಬರೆದ ಸಾಲುಗಳ ಕೆಳಗೆ ಗೆರೆ ಎಳೆದೆ. ನಾನೇ ಕಂಡು, ಮುಟ್ಟಿ, ಅನುಭವಿಸಿ ಬರೆದ ಸಾಲುಗಳಿಗೆ ಸುತ್ತು ಹಾಕಿದೆ. ಪುಟಗಟ್ಟಲೆ ಗೆರೆಗಳೇ ಆದವು. ಸುತ್ತು ಬಿದ್ದ ಸಾಲುಗಳು ಕೆಲವೇ ಕೆಲವು, ಮತ್ತು ಅವುಗಳಲ್ಲಿ ಹೆಚ್ಚಿನವು ನೀರಿನ ಹತ್ತಿರ ಇದ್ದವು. ಹಂಪಿಯ ಪ್ರವಾಸ ಬರೆಯುವಾಗ ದೇವಸ್ಥಾನಗಳನ್ನು ನಾಲ್ಕು ಸಾಲಿನಲ್ಲಿ ಮುಗಿಸಿ, ಪುಷ್ಕರಣಿಗೆ ನೀರು ತರುತ್ತಿದ್ದ ಕಲ್ಲಿನ ಕಾಲುವೆಗೆ ಒಂದೂವರೆ ಪುಟ ಕೊಟ್ಟಿದ್ದೆ. ಸಿನಿಮಾವೊಂದರ ವಿಮರ್ಶೆಯಲ್ಲಿ, ಕೆರೆಯ ನೀರನ್ನು ಹೊರಬಿಡುವ ತೂಬು ತೆಗೆದಾಗ ನೀರು ಹಾಗೆ ಚಿಮ್ಮುವುದಿಲ್ಲ ಎಂದು ಕಥೆಗೆ ಸಂಬಂಧವೇ ಇಲ್ಲದ ತಕರಾರು ತೆಗೆದಿದ್ದೆ. ಚುನಾವಣೆಯ ಟಿಪ್ಪಣಿಯಲ್ಲಿ ಸಹ ಹೂಳೆತ್ತುವ ಭರವಸೆಯ ಬಗ್ಗೆ ಮಾತ್ರ ನನ್ನ ದನಿ ಏರಿತ್ತು. ಹನ್ನೊಂದು ನೋಟ್‌ಬುಕ್‌ಗಳಲ್ಲಿ ಎಲ್ಲಿಯೂ ‘ನಮ್ಮ ತಾತ’ ಎಂಬ ಪದ ಇರಲಿಲ್ಲ.

ನನ್ನ ತಾತ ಮುಳಬಾಗಿಲು ತಾಲ್ಲೂಕಿನ ಒಂದು ಊರಿನ ನೀರುಗಂಟಿಯಾಗಿದ್ದರು. ಕೋಲಾರದ ಕಡೆಯವರಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಕೆರೆಯ ಏರಿಯನ್ನು ಕಾಯುವುದು, ತೂಬು ತೆಗೆದು ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು, ಮಳೆ ಜೋರಾದ ರಾತ್ರಿ ಏರಿಯ ಮೇಲೆ ನಡೆದು ಬಿರುಕು ಬಿಟ್ಟಿದೆಯೇ ಎಂದು ನೋಡುವುದು ನೀರುಗಂಟಿಯ ಕೆಲಸ. ನಮ್ಮ ಕಡೆ ತಲೆಮಾರುಗಳಿಂದ ಈ ಕೆಲಸ ದಲಿತರದು. ಕೂಲಿಯ ಬದಲು ಸುಗ್ಗಿಯಲ್ಲಿ ಕಣದ ಬಳಿ ನಿಂತು ಪಡೆಯುವ ಆಯದ ಧಾನ್ಯ, ಜೊತೆಗೆ ಈ ಕೆಲಸಕ್ಕೆಂದು ಬಿಟ್ಟುಕೊಟ್ಟ ತುಂಡು ಇನಾಂ ಭೂಮಿ. ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟ್ರು ತರಗತಿಯ ಮುಂದೆ ನನ್ನನ್ನು “ಏ ನೀರುಗಂಟಿ” ಎಂದು ಕರೆದರು, ಹುಡುಗರು ನಕ್ಕರು. ಆ ದಿನದಿಂದ ಯಾರು ಕೇಳಿದರೂ ತಾತನದು ವ್ಯವಸಾಯ ಎಂದೇ ಹೇಳಿದೆ. ಬೆಂಗಳೂರಿಗೆ ಬಂದ ಮೇಲೆ ಊರಿನ ಹೆಸರನ್ನೂ ಹೇಳುವುದು ಬಿಟ್ಟೆ. ಬರೆದವರು ಯಾರೆಂದು ಗೊತ್ತಾಗದಂತೆ ನಾನೇ ನೋಡಿಕೊಂಡಿದ್ದೆ ಎಂಬುದು, ಸಂಪಾದಕರ ಮಾತಿನ ಎಷ್ಟೋ ವರ್ಷಗಳ ನಂತರ, ಪೆನ್ಸಿಲ್ ಹಿಡಿದು ಕುಳಿತಾಗ ತಿಳಿಯಿತು.

ತಿಳಿದ ಮಾತ್ರಕ್ಕೆ ಅದೇ ನನ್ನ ವಿಷಯ ಎಂದು ನಂಬಲು ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಒಂದು ಪರೀಕ್ಷೆ ಇಟ್ಟುಕೊಂಡೆ. ಪುಸ್ತಕ, ಫೋನ್ ಎರಡನ್ನೂ ಪಕ್ಕಕ್ಕಿಟ್ಟು, ಒಂದೊಂದು ರಾತ್ರಿ ಒಂದೊಂದು ವಿಷಯದ ಬಗ್ಗೆ ನನಗೆ ಸ್ವಂತವಾಗಿ ಗೊತ್ತಿರುವುದನ್ನು ಮಾತ್ರ ಬರೆಯುವುದು. ಬಹಳ ಪ್ರೀತಿಯದೆಂದು ತಿಳಿದಿದ್ದ ಸಿನಿಮಾ ಅರ್ಧ ಪುಟಕ್ಕೆ ನಿಂತಿತು. ರಾಜಕೀಯ ಎಂಟು ಸಾಲು. ತೂಬಿನ ಬಗ್ಗೆ ಬರೆದ ರಾತ್ರಿ ಮಾತ್ರ ಗಂಟೆ ಹನ್ನೆರಡು ದಾಟಿದರೂ ಕೈ ನಿಲ್ಲಲಿಲ್ಲ.

ಅಂದು ಬರೆದದ್ದು ಹೀಗೆ. ಏರಿಯ ಒಳಮಗ್ಗುಲಲ್ಲಿ, ನೀರಿನೊಳಗೆ, ಎರಡು ಕಲ್ಲಿನ ಕಂಬಗಳು. ಅವುಗಳನ್ನು ಸೇರಿಸುವ ಅಡ್ಡಗಲ್ಲುಗಳ ನಡುವೆ ರಂಧ್ರ. ಆ ರಂಧ್ರಗಳ ಮೂಲಕ ಕೆಳಗಿಳಿಯುವ ಉದ್ದನೆಯ ಮರದ ಕಂಬ, ಅದರ ತುದಿಯಲ್ಲಿ ಕೆಳಗಿನ ಕಲ್ಲಿನ ಬಾಯಿಯನ್ನು ಮುಚ್ಚುವ ಬಿರಡೆ. ತಾತ ಪಂಚೆಯನ್ನು ತಲೆಗೆ ಸುತ್ತಿಕೊಂಡು ಈಜಿ ಹೋಗಿ, ಅಡ್ಡಗಲ್ಲಿನ ಮೇಲೆ ಕುಳಿತು, ಕಂಬವನ್ನು ಎರಡೂ ಕೈಗಳಿಂದ ತಿರುಗಿಸುತ್ತ ಮೇಲೆತ್ತುತ್ತಿದ್ದರು. ಒಂದು ಗೇಣು ಎತ್ತಿದರೆ ಎಷ್ಟು ಗದ್ದೆಗೆ, ಎಷ್ಟು ಹೊತ್ತಿಗೆ ನೀರು ತಲುಪುತ್ತದೆ ಎಂಬುದು ಅವರ ಅಂಗೈಗೆ ಗೊತ್ತಿತ್ತು. ನೀರು ಹೊರಟದ್ದು ಕಣ್ಣಿಗೆ ಕಾಣುವ ಮೊದಲು ಕಂಬ ಸಣ್ಣಗೆ ನಡುಗುತ್ತದೆ. ಒಮ್ಮೆ ನನ್ನನ್ನು ಬೆನ್ನ ಮೇಲೆ ಹೊತ್ತು ಅಲ್ಲಿಗೆ ಕರೆದೊಯ್ದು, ನನ್ನ ಕೈಯನ್ನು ಕಂಬದ ಮೇಲಿಟ್ಟು ಆ ನಡುಕವನ್ನು ತೋರಿಸಿದ್ದರು. ಆಗ ನನಗೆ ಏಳು ವರ್ಷವಿರಬಹುದು. ಇದನ್ನು ಬರೆದು ಮುಗಿಸಿದಾಗ ನನಗೆ ಅಳು ಬಂದಿತ್ತು, ಸಂತೋಷವೂ ಆಗಿತ್ತು.

ಮರುದಿನ ಅಮ್ಮನಿಗೆ ಓದಿ ಹೇಳಿದೆ. ತಾತನನ್ನು ಊರಿಗೆಲ್ಲ ನೀರು ಹಂಚಿದ ಧರ್ಮಾತ್ಮನಂತೆ, ಊರವರೆಲ್ಲ ಅವರನ್ನು ಗೌರವಿಸುತ್ತಿದ್ದಂತೆ ಚಿತ್ರಿಸಿದ್ದೆ. ಅಮ್ಮ ಪೂರ್ತಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲಾ ಸರಿ ಕಣಪ್ಪ. ಗದ್ದೆಗೆ ನೀರು ಬಿಡೋಕೆ ನಮ್ಮಪ್ಪನ ಕೈ ಆಗ್ತಿತ್ತು. ಬಾಯಾರಿ ಆ ಗದ್ದೆಯೋರ ಮನೆ ಮುಂದೆ ನಿಂತ್ರೆ ಬೊಗಸೆಗೆ ಮೇಲಿಂದ ಹುಯ್ಯೋರು. ಅದನ್ನೂ ಬರಿ” ಎಂದಳು. ನನಗೆ ವಿಷಯ ಸಿಕ್ಕಿದ್ದು ಆ ಕ್ಷಣದಲ್ಲಿ ಎಂದು ಇಂದಿಗೂ ನಂಬಿದ್ದೇನೆ. ಕೆರೆಯ ಮೇಲಿನ ಪ್ರೀತಿ ಒಂದೇ ಇದ್ದಿದ್ದರೆ ನಾಲ್ಕು ಸೊಗಸಾದ ಪ್ರಬಂಧಗಳಾಗಿ ಮುಗಿದುಹೋಗುತ್ತಿತ್ತು. ಅಷ್ಟು ಪ್ರೀತಿಸಿದ ಕೆಲಸವನ್ನೇ ನಾನು ಏಕೆ ಮುಚ್ಚಿಟ್ಟೆ ಎಂಬ ಪ್ರಶ್ನೆ ಅದರ ಜೊತೆಗೆ ಸೇರಿದ ಮೇಲೆ ಬರೆಯಬೇಕಾದದ್ದು ಬೆಳೆಯುತ್ತಲೇ ಹೋಯಿತು.

ಆಮೇಲೆ ಓದು ಬದಲಾಯಿತು. ನೀರುಗಂಟಿಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯಿದೆಯನ್ನು ಹುಡುಕಿ ಓದಿದೆ. ಅದು 1963ರ ಫೆಬ್ರುವರಿ 1ರಂದು ಜಾರಿಗೆ ಬಂದಿದೆ. ಅಂದರೆ ನಾನು ಕಂಡ ತಾತ ಕಾನೂನಿನ ಪ್ರಕಾರ ನೀರುಗಂಟಿಯೇ ಅಲ್ಲ. ಹುದ್ದೆ ಹೋಗಿ ಇಪ್ಪತ್ತು ವರ್ಷ ಕಳೆದಿದ್ದರೂ ಕೆಲಸ ಹಾಗೂ ಅದಕ್ಕೆ ಅಂಟಿಕೊಂಡ ಜಾತಿ ಎರಡೂ ಅವರ ಹೆಗಲ ಮೇಲೇ ಇದ್ದವು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ, 1905ರಲ್ಲಿ ಪ್ರಕಟವಾದ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ, ನನ್ನ ಮೇಜಿನ ಮೇಲೆ ಕಾಯಂ ಆಯಿತು. ಕೆರೆ ಕಟ್ಟಿಸಿದವರ, ಕೆರೆಗೆಂದು ಭೂಮಿ ಬಿಟ್ಟವರ ಹೆಸರುಗಳನ್ನು ಶಾಸನಗಳಲ್ಲಿ ಓದುವಾಗಲೆಲ್ಲ, ಆ ಕೆರೆಯ ತೂಬು ಕಾದವನ ಹೆಸರಿಗಾಗಿ ಕಣ್ಣು ಹುಡುಕುತ್ತದೆ.

2021ರ ನವೆಂಬರ್‌ನಲ್ಲಿ ಎಡೆಬಿಡದೆ ಮಳೆ ಹಿಡಿದು ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದವು, ನಮ್ಮೂರಿನದೂ ಹರಿಯಿತು. ರಜೆ ಹಾಕಿ ಹೋದೆ. ಏರಿಯ ಮೇಲೆ ಜಾತ್ರೆಯಂತೆ ಜನ ಸೇರಿದ್ದರು. ಒಬ್ಬ ಹಿರಿಯರು ನನ್ನ ಮುಖ ನೋಡಿ ಯಾರ ಮಗನೆಂದು ಕೇಳಿದಾಗ, ಹೈಸ್ಕೂಲು ಬಿಟ್ಟ ನಂತರ ಮೊದಲ ಬಾರಿಗೆ, “ನೀರುಗಂಟಿಯ ಮೊಮ್ಮಗ” ಎಂದು ಹೇಳಿದೆ. ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದು, ಬರಗಾಲದ ಒಂದು ವರ್ಷ ತೂಬಿನ ಹತ್ತಿರದ ಗದ್ದೆಗಳನ್ನಷ್ಟೇ ಎಲ್ಲ ರೈತರಿಗೂ ಬೆಳೆಯಲು ಪಾಲು ಹಾಕಿ ತಾತ ಅವುಗಳಿಗೆ ಮಾತ್ರ ನೀರು ಕೊಟ್ಟದ್ದನ್ನು, ಯಾರ ಒತ್ತಾಯಕ್ಕೂ ಮಣಿಯದೆ ಅದಕ್ಕೆ ಬೈಗುಳ ತಿಂದದ್ದನ್ನು ಹೇಳಿದರು. ಅಲ್ಲೇ ನಿಂತು ಚೀಟಿಯಲ್ಲಿ ಬರೆದುಕೊಂಡೆ.

ಈಗ ನಾನು ಬರೆಯುವುದು ಆ ಒಂದು ಕೆರೆ, ಅದರ ನೀರು, ಅದನ್ನು ಹಂಚಿದವರು ಮತ್ತು ಪಡೆದವರು, ಇಷ್ಟರ ಬಗ್ಗೆ ಮಾತ್ರ. ಇಷ್ಟು ಚಿಕ್ಕ ವಿಷಯ ಮೂರು ತಿಂಗಳಲ್ಲಿ ಬತ್ತಿಹೋದೀತೆಂದು ಮೊದಲು ಹೆದರಿದ್ದೆ. ಹನ್ನೆರಡನೆಯ ನೋಟ್‌ಬುಕ್ ಮುಗಿದು ಹದಿಮೂರನೆಯದು ಅರ್ಧವಾಗಿದೆ. ಸಿನಿಮಾ ನೋಡುವುದನ್ನು ಬಿಟ್ಟಿಲ್ಲ, ಅದರ ಬಗ್ಗೆ ಬರೆಯಬೇಕೆಂಬ ಆಸೆ ಮಾತ್ರ ತಾನಾಗಿಯೇ ಹೋಯಿತು. ಅಮ್ಮ ಪ್ರತಿ ಅಧ್ಯಾಯವನ್ನೂ ಕೇಳಿಸಿಕೊಳ್ಳುತ್ತಾಳೆ. ಮನೆಯಲ್ಲಿ ತಾತ ತೆಲುಗಿನಲ್ಲಿ ‘ತೂಮು’ ಎನ್ನುತ್ತಿದ್ದರೆಂದೂ, ಅವರ ಮಾತುಗಳನ್ನು ಬರೆಯುವ ಕಡೆ ಆ ಪದವೇ ಇರಬೇಕೆಂದೂ ಕಳೆದ ವಾರ ಹೇಳಿದಳು. ಹಳೆಯ ಪುಟಗಳಿಗೆ ಹಿಂದಿರುಗಿ ಅದನ್ನು ಒಂದೊಂದಾಗಿ ತಿದ್ದುತ್ತಿದ್ದೇನೆ.