ರೂಪಾಯಿ–ರಿಯಲ್: ಬ್ರೆಜಿಲ್ ದರದ ಹಳೇ ಪಟ್ಟಿಯನ್ನು ಮೈಸೂರಿನಲ್ಲಿ ಕೂತು ಕಟ್ಟಿದ ಬಗೆ

ಮೈಸೂರಿನ ಊದುಬತ್ತಿಗೆ ಬ್ರೆಜಿಲ್‌ನಲ್ಲಿ ಗಿರಾಕಿ ಉಂಟು. ಬಿಲ್ ಡಾಲರಿನಲ್ಲಿ ಆಗುವುದರಿಂದ ಇಲ್ಲಿನ ಲೆಕ್ಕದಲ್ಲಿ ಅಲ್ಲಿನ ನಾಣ್ಯವಾದ ರಿಯಲ್ ಎಂಬ ಹೆಸರೇ ಬರುವುದಿಲ್ಲ. ಆದರೆ ಆ ಕಡೆ ಅಂಗಡಿಯವನ ಗಲ್ಲಾದಲ್ಲಿರುವುದು ರಿಯಲ್ಲೇ. 2015ರ ಜನವರಿಯಲ್ಲಿ ಡಾಲರಿಗೆ ಸುಮಾರು 2.7 ಇದ್ದ ರಿಯಲ್ ಸೆಪ್ಟೆಂಬರಿನಲ್ಲಿ 4 ದಾಟಿತು. ರೂಪಾಯಿ 63ರಿಂದ 66ರ ಆಸುಪಾಸಿಗೆ ಹೋಯಿತಷ್ಟೆ. ನಾವು ಒಂದು ಸೆಂಟ್ ಏರಿಸದಿದ್ದರೂ ಅದೇ ಪೆಟ್ಟಿಗೆ ಅವನಿಗೆ ಹೆಚ್ಚುಕಡಿಮೆ ಒಂದೂವರೆ ಪಟ್ಟು ತುಟ್ಟಿಯಾಯಿತು. ಬರೀ ಡಾಲರ್ ದರ ನೋಡಿದರೆ ಇದು ಕಾಣದು. ಒಂದು ರಿಯಲ್ಲಿಗೆ ಎಷ್ಟು ರೂಪಾಯಿ ಎಂಬ ದಿನದಿನದ ಪಟ್ಟಿ ಕಟ್ಟಿದ್ದು ಇದಕ್ಕಾಗಿ.

ರೂಪಾಯಿಗೂ ರಿಯಲ್‌ಗೂ ನೇರ ದರ ಹುಡುಕಬೇಡಿ. ನಮ್ಮ ಕಸ್ಟಮ್ಸ್ ಇಲಾಖೆಯ ವಿನಿಮಯ ದರ ಪಟ್ಟಿಯಲ್ಲಿ ಟರ್ಕಿಯ ಲಿರಾ, ದಕ್ಷಿಣ ಆಫ್ರಿಕಾದ ರ‍್ಯಾಂಡ್ ಇವೆ, ಬ್ರೆಜಿಲ್ ಇಲ್ಲ. ಅಂತರ್ಜಾಲದಲ್ಲಿ ಸಿಗುವ 'ನೇರ' ದರಗಳೂ ಎರಡು ಡಾಲರ್ ದರಗಳ ಭಾಗಾಕಾರವೇ; ಯಾವ ಹೊತ್ತಿನ ದರ ಎಂದು ಮಾತ್ರ ಹೇಳುವುದಿಲ್ಲ. ಹಾಗಾಗಿ ಭಾಗಾಕಾರ ನಾವೇ ಮಾಡುವುದು ಒಳ್ಳೆಯದು. ಡಾಲರಿಗೆ 83 ರೂಪಾಯಿ, 5 ರಿಯಲ್ ಇದ್ದರೆ ಒಂದು ರಿಯಲ್‌ಗೆ 16.60 ರೂಪಾಯಿ.

ಭಾರತದ ಕಡೆಗೆ ರೆಫರೆನ್ಸ್ ರೇಟ್, ಅಂದರೆ ದಿನಕ್ಕೊಮ್ಮೆ ಪ್ರಕಟವಾಗುವ ಡಾಲರಿನ ಅಧಿಕೃತ ದರ ತೆಗೆದುಕೊಂಡೆ. ಮೊದಲು ಇದನ್ನು ಆರ್‌ಬಿಐ ಕೊಡುತ್ತಿತ್ತು, 2018ರ ಜುಲೈ 10ರಿಂದ ಎಫ್‌ಬಿಐಎಲ್ (ಫೈನಾನ್ಶಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ ಎಂಬ ಸಂಸ್ಥೆ) ಕೊಡುತ್ತಿದೆ. ಬ್ರೆಜಿಲ್ ಕಡೆಗೆ ಅಲ್ಲಿನ ಸೆಂಟ್ರಲ್ ಬ್ಯಾಂಕಿನ ಪಿಟ್ಯಾಕ್ಸ್ ದರ. ಅವರ ಅಂಕಿಅಂಶ ಭಂಡಾರದಲ್ಲಿ ಡಾಲರ್ ಮಾರುವ ದರ ಸರಣಿ 1, ಕೊಳ್ಳುವ ದರ ಸರಣಿ 10813. ಎರಡರ ನಡುವಿನದ್ದನ್ನು ಹಿಡಿದೆ. ಈಗಿನ ವರ್ಷಗಳಲ್ಲಿ ವ್ಯತ್ಯಾಸ ಇರುವುದು ನಾಲ್ಕನೇ ದಶಮಾಂಶದಲ್ಲಿ, ತಲೆ ಕೆಡಿಸಿಕೊಳ್ಳುವಂಥದ್ದಲ್ಲ.

ತಲೆ ಕೆಡಿಸುವುದು ಅಲ್ಪವಿರಾಮ. ಬ್ರೆಜಿಲ್‌ನವರು ದಶಮಾಂಶಕ್ಕೆ ಚುಕ್ಕಿ ಇಡುವುದಿಲ್ಲ, ಅಲ್ಪವಿರಾಮ ಹಾಕುತ್ತಾರೆ. 5,4321 ಎಂಬುದನ್ನು ನಮ್ಮ ಎಕ್ಸೆಲ್ ಐವತ್ತನಾಲ್ಕು ಸಾವಿರದ ಚಿಲ್ಲರೆ ಎಂದು ಓದಿಬಿಡುತ್ತದೆ. ಫೈಲನ್ನು ನೇರವಾಗಿ ತೆರೆಯಬೇಡಿ. ಮೊದಲು ಎಲ್ಲವನ್ನೂ ಪಠ್ಯವಾಗಿ ತಂದು, ಅಲ್ಪವಿರಾಮ ಬದಲಿಸಿ, ಆಮೇಲೆ ಸಂಖ್ಯೆ ಮಾಡಿ. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ ತಾರೀಖೂ ತಿರುಗುಮುರುಗಾಗುತ್ತದೆ: 03/04 ಏಪ್ರಿಲ್ 3ರ ಬದಲು ಮಾರ್ಚ್ 4 ಆಗುತ್ತದೆ. 12ನೇ ತಾರೀಖಿನ ನಂತರದವು ಸರಿಯಾಗಿಯೇ ಕಾಣುವುದರಿಂದ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ.

ಇನ್ನು ರಜೆ. ರೂಪಾಯಿಯ ದರ ನಡೆಯುವುದು ಮುಂಬೈ ಪಂಚಾಂಗದಂತೆ. ನವೆಂಬರ್ 1ಕ್ಕೆ, ಆಯುಧಪೂಜೆಗೆ ಮೈಸೂರಿನ ಬ್ಯಾಂಕಿಗೆ ಬೀಗ ಇದ್ದರೂ ಅಲ್ಲಿ ದರ ಬಂದಿರುತ್ತದೆ. ಶಿವಾಜಿ ಜಯಂತಿಯಂದು ನಮಗೆ ಕೆಲಸ, ಅವರಿಗೆ ರಜೆ. ಬ್ರೆಜಿಲ್‌ನಲ್ಲಿ ಕಾರ್ನಿವಲ್‌ನ ಸೋಮವಾರ, ಮಂಗಳವಾರ ದರವಿಲ್ಲ. ಎರಡೂ ಕಡೆ ದರ ಇರುವ ದಿನ ಮಾತ್ರ ಭಾಗಿಸಿ, ಉಳಿದದ್ದನ್ನು ಖಾಲಿ ಬಿಟ್ಟೆ. ಖಾಲಿ ಮನೆಗೆ ಸೊನ್ನೆ ಹಾಕಿದಿರೋ, ಸರಾಸರಿ ಹೋಯಿತು.

ಒಂದೇ ತಾರೀಖು ಎಂದರೆ ಒಂದೇ ಹೊತ್ತು ಎಂದಲ್ಲ. ನಮ್ಮ ದರ ಮಧ್ಯಾಹ್ನದ್ದು. ಪಿಟ್ಯಾಕ್ಸ್ 2011ರಿಂದ ರಾಜಧಾನಿ ಬ್ರೆಸೀಲಿಯಾದ 10, 11, 12, 1 ಗಂಟೆಗಳಿಗೆ ಬ್ಯಾಂಕುಗಳನ್ನು ವಿಚಾರಿಸಿ ಪಡೆದ ನಾಲ್ಕು ದರಗಳ ಸರಾಸರಿ. ಕೊನೆಯದು ಆಗುವಾಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ಹಾಗೆಂದು ಹಿಂದಿನ ದಿನದ ಪಿಟ್ಯಾಕ್ಸ್ ಹಿಡಿದರೆ ಅಂತರ ಇನ್ನೂ ಹೆಚ್ಚು. ಅದೇ ದಿನದ್ದೇ ವಾಸಿ. ಗಲಾಟೆಯ ದಿನಗಳಲ್ಲಿ ಮಾತ್ರ ಆ ಅಂಕಿಯನ್ನು ಪೂರ್ತಿ ನಂಬಬೇಡಿ.

ಪಟ್ಟಿಯನ್ನು 1994ರ ಜುಲೈ 1ಕ್ಕಿಂತ ಹಿಂದಕ್ಕೆ ಎಳೆಯಲಿಲ್ಲ. ರಿಯಲ್ ಹುಟ್ಟಿದ್ದೇ ಅಂದು, ಹಳೇ ನಾಣ್ಯದ 2,750 ಕ್ರುಜೇರೊ ರಿಯಲ್‌ಗೆ ಒಂದರಂತೆ. ಅದಕ್ಕೂ ಮುಂಚೆ 1986, 1989, 1993ರಲ್ಲಿ ಮೂರು ಸಲ ಮೂರು ಸೊನ್ನೆ ಕತ್ತರಿಸಿದ್ದರು. 1985ರ ಅಂಕಿಯನ್ನು ಇಂದಿನ ರಿಯಲ್‌ಗೆ ತರಲು 2.75 ಲಕ್ಷ ಕೋಟಿಯಿಂದ ಭಾಗಿಸಬೇಕು! ನಮ್ಮ ಕಡೆಯೂ 1992ರ ಮಾರ್ಚಿನಿಂದ ಒಂದು ವರ್ಷ ಎರಡು ದರ ಇದ್ದವು: ರಫ್ತಿನ ಡಾಲರಿನಲ್ಲಿ ಶೇ 40 ಸರ್ಕಾರಿ ದರಕ್ಕೆ, ಶೇ 60 ಮಾರುಕಟ್ಟೆ ದರಕ್ಕೆ. ಯಾವುದನ್ನು ಹಿಡಿದರೂ ತಕರಾರೇ.

ತಪ್ಪು ಹಿಡಿಯಲು ಪಕ್ಕದಲ್ಲೊಂದು ಕಾಲಂ ಹಾಕಿ, ಹಿಂದಿನ ದಿನಕ್ಕಿಂತ ಶೇ 5 ಮೀರಿದ ಸಾಲಿಗೆ ಕೆಂಪು ಬಳಿದೆ. ಕೆಂಪಾದದ್ದೆಲ್ಲ ತಪ್ಪಲ್ಲ. 1999ರ ಜನವರಿ 15ರಂದು ಬ್ರೆಜಿಲ್ ರಿಯಲ್ಲಿನ ಕಟ್ಟು ಬಿಚ್ಚಿತು, ಅಂದರೆ ಡಾಲರಿನೆದುರು ದರ ಹಿಡಿದಿಡುವುದನ್ನು ಬಿಟ್ಟು ಮಾರುಕಟ್ಟೆಗೆ ಬಿಟ್ಟಿತು. ತಿಂಗಳ ಮೊದಲಲ್ಲಿ ಡಾಲರಿಗೆ 1.21 ಇದ್ದದ್ದು ಕೊನೆಗೆ 1.98 ಆಯಿತು. ನಮ್ಮ ಲೆಕ್ಕದಲ್ಲಿ 35 ರೂಪಾಯಿಯ ರಿಯಲ್ ಮೂರೇ ವಾರದಲ್ಲಿ 21ಕ್ಕೆ ಬಂತು. 2002ರ ಅಕ್ಟೋಬರಿನಲ್ಲಿ 12ಕ್ಕೆ ಇಳಿದು, 2011ರ ಜುಲೈಗೆ 28ರ ಮೇಲೇರಿ, 2020ರ ಮೇನಲ್ಲಿ ಮತ್ತೆ 13ರ ಹತ್ತಿರ. ರಿಯಲ್ ಸದಾ ಇಳಿಯುವುದೇ ಎನ್ನುವವರಿಗೆ 2011ರ ಸಾಲು ತೋರಿಸಿ.

ತಿಂಗಳ ಸರಾಸರಿಗೆ ದಿನದಿನದ ಭಾಗಲಬ್ಧವನ್ನೇ ಕೂಡಿಸಿ. ರೂಪಾಯಿ ಎರಡೂ ದಿನ 80, ರಿಯಲ್ ಒಂದು ದಿನ 4, ಮರುದಿನ 5 ಎನ್ನಿ: ದಿನದ ದರ 20 ಮತ್ತು 16, ಸರಾಸರಿ 18. ಮೊದಲೇ ಸರಾಸರಿ ತೆಗೆದು ಭಾಗಿಸಿದರೆ 80 ಭಾಗಿಸು 4.5, ಅಂದರೆ 17.78. ಹಳೇ ವರ್ಷಗಳಿಗೆ ತಿಂಗಳ ಸರಾಸರಿ ಮಾತ್ರ ಕೈಗೆ ಸಿಕ್ಕಿದ ಕಡೆ ಎರಡನೆಯ ದಾರಿಯೇ ಗತಿ. ಆ ಸಾಲುಗಳಿಗೆ ಬೇರೆ ಬಣ್ಣ ಕೊಟ್ಟು ಷರಾ ಬರೆದಿಟ್ಟಿದ್ದೇನೆ.